ಎರಡನೇ ಬಾಯಿ

ಕುಮಟೆಯ ಶಾನಭಾಗರ ಅಂಗಡಿಯ ಮುಂದೆ
ಕ್ಯಾನುಗಳು ಹಗ್ಗಕ್ಕೆ ಜೋತುಬಿದ್ದಿವೆ,
ಕೆಂಪು, ನೀಲಿ, ಹಾಲುಬಿಳಿ.
ಬಸ್ಸು ಹೋದಾಗಲೆಲ್ಲ ಒಂದಕ್ಕೊಂದು ತಾಗಿ
ಡೊಬ್ಬ್ ಎನ್ನುತ್ತವೆ, ಖಾಲಿ ಹೊಟ್ಟೆಯವು.

"ಯಾವುದು ಕೊಡಲೋ?"
ಅರ್ಧ ಗಂಟೆಯಿಂದ ಅದನ್ನೇ ನೋಡುತ್ತಿದ್ದೇನೆ.

ನೀಲಿಯದು ಇಪ್ಪತ್ತು ಲೀಟರು. ಅಗ್ಗ.
ಒಮ್ಮೆ ತುಂಬಿದರೆ ಮೂರು ದಿನ ಬಂಕಿನ ದಾರಿ ಬೇಡ.
ಆದರೆ ಅದನ್ನು ತೊಡೆಗಾನಿಸಿ ಎತ್ತಿ
ಅಲುಗುವ ದೋಣಿಯಲ್ಲಿ ಬಗ್ಗಿಸುವಾಗ
ಭಾರವೇ ಯಜಮಾನ, ನಾನು ಆಳು.
ಮೊದಲ ಗುಟುಕು ಯಾವತ್ತೂ ಹೊಳೆಗೇ.

ನನ್ನ ಬಲಗೈಗೆ ಮೂರೇ ಬೆರಳು.
ಉಳಿದೆರಡನ್ನು ಬೇಲೆಕೇರಿಯಲ್ಲಿ ಟ್ರಾಲರಿನ ವಿಂಚಿಗೆ
ಹತ್ತೊಂಬತ್ತನೇ ವಯಸ್ಸಿಗೆ ಕೊಟ್ಟು ಬಂದೆ.
ಹಾಗಾಗಿ ಹಿಡಿಕೆ ನೋಡಬೇಕು.
ಬಿಳಿಯದು ಒಳ್ಳೆಯದೇ, ಎಷ್ಟಿದೆ ಎಂದು ಹೊರಗೇ ಕಾಣುತ್ತದೆ,
ಹಿಡಿಕೆ ಮಾತ್ರ ಐದು ಬೆರಳಿನವರಿಗೆ ಮಾಡಿದ್ದು.

ಮನೆಯಲ್ಲಿದ್ದದ್ದು ಅಡುಗೆ ಎಣ್ಣೆಯ ಹಳೇ ಡಬ್ಬ.
ಮುಚ್ಚಳದಡಿ ಪ್ಲಾಸ್ಟಿಕ್ ಚೀಲದ ತುಂಡು ಕೊಟ್ಟು
ಹಲ್ಲು ಕಚ್ಚಿ ತಿರುವಿದರೂ
ಅಂಚಿನಲ್ಲಿ ಬೆವರುತ್ತಿತ್ತು.
ಹತ್ತು ವರ್ಷ ಅದರಲ್ಲೇ ನಡೆಯಿತು.
ಯಾರೂ ಏನೂ ಅನ್ನಲಿಲ್ಲ.

ಕಳೆದ ಮಾಘದಲ್ಲಿ
ಗೋವಾದ ಲಾರಿಯವ ಬೆಳಚಿನ ಚೀಲ ಬಿಚ್ಚಿ,
ಮೂಸಿ,
ಮೂರು ಚೀಲ ರಸ್ತೆಗೆ ಸುರಿದ.
"ಪೆಟ್ರೋಲ್ ವಾಸನೆ."
ಐದು ಹೆಂಗಸರು ಸೊಂಟದ ಮಟ್ಟ ನಿಂತು
ಕಾಲಲ್ಲಿ ತಡಕಿ, ಕೈಯಲ್ಲಿ ಹೆಕ್ಕಿ ತಂದದ್ದು.
ಬುದವಂತಿ ಅತ್ತಿಗೆ ಕೈ ತೊಳೆದು ಮೂಸಿದಳು,
ಮತ್ತೆ ತೊಳೆದಳು,
ಯಾರ ಕಡೆಗೂ ನೋಡಲಿಲ್ಲ.

ಆ ದಂಡೆಯಲ್ಲಿ ಏಳು ಮೋಟಾರು. ಒಂದು ನನ್ನದು.
ಅವತ್ತು ಬೆಳಿಗ್ಗೆ ನೀರ ಮೇಲೆ
ನವಿಲಿನ ಕತ್ತಿನ ಬಣ್ಣ ಅಂಗೈಯಗಲ ಬಿದ್ದದ್ದು
ಇಳಿತಕ್ಕೆ ಸಿಕ್ಕಿ ಚಾಪೆಯಷ್ಟಾಗಿ
ಮೆಲ್ಲಗೆ ಅವರ ದಿಬ್ಬದತ್ತ ಹೊರಟಿತ್ತು.
ಚಂದವಿತ್ತು. ಬೀಡಿ ಮುಗಿಯುವ ತನಕ
ನೋಡುತ್ತಲೇ ಕೂತಿದ್ದೆ.

ಕೆಂಪು ಕ್ಯಾನಿನ ಬೆನ್ನ ಮೇಲೆ
ಇನ್ನೊಂದು ಸಣ್ಣ ಬಿರಡೆ.
"ಇದೆಂತಕೆ?"
"ಎಂತದೋ, ಕಂಪೆನಿಯವರ ಶೋಕಿ."
ಅಂಗಡಿಯ ನಲ್ಲಿಯಿಂದಲೇ ನೀರು ತುಂಬಿ
ಅವರ ಚಹಾ ಲೋಟಕ್ಕೆ ಬಗ್ಗಿಸಿದೆ.
ಗುಳುಕ್. ಗುಳುಕ್. ಮೇಜೆಲ್ಲ ಒದ್ದೆ,
ಬಿಲ್ಲಿನ ಪುಸ್ತಕವೂ.
ಬಾಯಿ ಒಂದೇ ಇದ್ದರೆ
ಹೋಗುವ ನೀರು, ಬರುವ ಗಾಳಿ
ಮದುವೆಮನೆ ಬಾಗಿಲಲ್ಲಿ ಗುದ್ದಾಡಿದ ಹಾಗೆ.
ಬಿರಡೆ ತೆಗೆದೆ.
ನೀರು ನೂಲಾಗಿ ಇಳಿಯಿತು,
ಲೋಟಕ್ಕೂ ತಿಳಿಯದಂತೆ.

ಶಾನಭಾಗರು ಪುಸ್ತಕ ಒರೆಸುವುದನ್ನು ಬಿಟ್ಟು
"ಇನ್ನೊಂದ್ಸಲ ಮಾಡು ತಮಾ" ಅಂದರು.

ಐದೈದು ಲೀಟರಿನ ಎರಡು ತಗೊಂಡೆ.
ಇಪ್ಪತ್ತರದಕ್ಕಿಂತ ತೊಂಬತ್ತು ರೂಪಾಯಿ ಜಾಸ್ತಿ.
ಹತ್ತು ಬಿಡಿಸಿದೆ, ಒದ್ದೆ ಪುಸ್ತಕ ತೋರಿಸಿ
ಅವರು ಅದನ್ನೂ ವಾಪಸು ತಗೊಂಡರು.

ಬಂಕಿನಲ್ಲಿ ಕ್ಯಾನು ನೆಲಕ್ಕಿಟ್ಟೇ ತುಂಬಿಸಿದೆ.
ಬಿಸಿಲಿಗೆ ಒಳಗಿನದು ಹಿಗ್ಗುತ್ತದೆ,
ಕತ್ತಿನ ಕೆಳಗೆ ಮೂರು ಬೆರಳು ಖಾಲಿ ಬಿಡಬೇಕು.
ಅಳೆಯಲಿಕ್ಕೆ ನನ್ನ ಕೈ ಸರಿಯಾಗಿದೆ.

ಮರುದಿನ ದೋಣಿಯನ್ನು ಮರಳಿಗೆ ಎಳೆದು,
ಮೂತಿಯನ್ನು ಟ್ಯಾಂಕಿನೊಳಗೆ ಇಳಿಸಿ,
ಹಿಂದಿನ ಬಿರಡೆ ಬಿಚ್ಚಿ,
ಉಸಿರು ಹಿಡಿದು ನಿಂತೆ.
ನಾನು ಹಿಡಿದ ಉಸಿರನ್ನು ಕ್ಯಾನು ಎಳೆದುಕೊಳ್ಳುತ್ತಿತ್ತು.

ಬುದವಂತಿ ಅತ್ತಿಗೆ ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡು
ಮಬ್ಬಿನಲ್ಲಿ ಹಾದುಹೋಗುತ್ತಾ ನಿಂತಳು.
"ಇವತ್ತು ಇಂಜಿನ್ನಿಗೆ ಹಾಕಲಿಲ್ವನಾ?"
"ಹಾಕಿದೆ."
"ಸದ್ದೇ ಬರಲಿಲ್ಲ."

ನೀರಿಗಿಳಿದಳು.
ಮೂತಿಯ ತುದಿಯಲ್ಲಿ ಒಂದು ಹನಿ ಉಳಿದಿತ್ತು.
ಲುಂಗಿಯ ಅಂಚಿನಲ್ಲಿ ಹಿಡಿದೆ.